ಎಡಗಡೆ ಸೊನ್ನೆ

"ರೀ, ರಾತ್ರಿ ಮೂರು ಗಂಟೆವರೆಗೆ ಅದೇನು ಮಾಡ್ತಿದ್ರಿ?" ಎಂದು ಹೆಂಡತಿ ಕಾಫಿ ಲೋಟ ಕುಕ್ಕುತ್ತಾ ಕೇಳಿದಳು.

"ಸೊನ್ನೆ ತೆಗೀತಿದ್ದೆ."

"ಅದಕ್ಕೂ ಸಂಬಳ ಕೊಡ್ತಾರಾ?"

ಕೊಡುತ್ತಾರೆ. ಜಾಸ್ತಿ ತೆಗೆದರೆ ಏನು ಕೊಡುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಒಂದು ವಿಮಾ ಕಂಪನಿಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಕಾಯುವವನು ನಾನು. ಅಲ್ಲಿ ಗ್ರಾಹಕರ ನಂಬರಿಗೆ ಹತ್ತು ಮನೆ ಮೀಸಲು. ನಂಬರು ಬರೀ 15 ಇದ್ದರೂ ಹತ್ತೂ ಮನೆ ತುಂಬಲೇಬೇಕು. ಹಾಗಾಗಿ ಎಡಗಡೆ ಎಂಟು ಸೊನ್ನೆ, ಊಟದ ಮೊದಲ ಪಂಕ್ತಿ ಹಿಡಿದು ಕೂತ ದೂರದ ನೆಂಟರ ಹಾಗೆ. ಹೊಸ ಸಾಫ್ಟ್‌ವೇರಿಗೆ ಈ ನೆಂಟರು ಬೇಡವಂತೆ. "ಸೊನ್ನೆ ತಾನೇ, ಅರ್ಧ ಗಂಟೆ ಕೆಲಸ" ಎಂದರು ಮ್ಯಾನೇಜರು. ಹಾಗೆನ್ನುವವರು ಯಾರೂ ಆ ಅರ್ಧ ಗಂಟೆ ತಾವು ಕೂತು ನೋಡಿದವರಲ್ಲ. ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟಾದರೆ ಬೇಡವೆಂದರೂ ಎಡಗಡೆ ಸೊನ್ನೆ ನುಂಗಿಬಿಡುತ್ತದೆ. ಮೇನ್‌ಫ್ರೇಮು ಹೇಳಿದಷ್ಟೇ ಮಾಡುತ್ತದೆ, ಹೇಳಿದ್ದನ್ನೆಲ್ಲಾ ಮಾಡುತ್ತದೆ.

ಕೋಬಾಲ್‌ನಲ್ಲಿ ಪ್ರೋಗ್ರಾಂ ಬರೆಯಲು ಸೋಮಾರಿತನ. ದಾಖಲೆ ವಿಂಗಡಿಸುವ ಡಿಎಫ್‌ಸಾರ್ಟ್ ಇತ್ತಲ್ಲ. ಅದರಲ್ಲಿ ಸ್ಕ್ವೀಜ್ ಎಂಬುದೊಂದಿದೆ: ಖಾಲಿ ಜಾಗವನ್ನೆಲ್ಲಾ ಹಿಂಡಿ ತೆಗೆದು ಅಕ್ಷರಗಳನ್ನು ಎಡಕ್ಕೆ ಒತ್ತುತ್ತದೆ. ಅದರ ತಮ್ಮ ಪ್ರೀಬ್ಲ್ಯಾಂಕ್: ನೀವು ಕೈ ತೋರಿಸಿದ ಅಕ್ಷರವನ್ನು ಹಿಂಡುವ ಮೊದಲೇ ಖಾಲಿ ಮಾಡುತ್ತದೆ. ನಾನು ಸೊನ್ನೆಯತ್ತ ಕೈ ತೋರಿಸಿದೆ. ಒಂದೇ ಸಾಲು! ಪರೀಕ್ಷೆಗೆ 0000001234 ಕೊಟ್ಟೆ, 1234 ಬಂತು. ಪಕ್ಕದವನನ್ನು ಕರೆದು ತೋರಿಸಿದೆ. "ಸೂಪರ್ ಗುರೂ" ಎಂದ. ಇಬ್ಬರೂ ಟೀಗೆ ಹೋದೆವು.

ಓದುಗರು ದಯವಿಟ್ಟು ಆ 1234 ಅನ್ನು ಇನ್ನೊಮ್ಮೆ ನೋಡಬೇಕು. ಅದರ ಹೊಟ್ಟೆಯಲ್ಲಿ ಒಂದೂ ಸೊನ್ನೆಯಿಲ್ಲ.

ರಾತ್ರಿ ಟೆಸ್ಟ್ ಫೈಲು ಓಡಿಸಿದೆ. 1ರಿಂದ 10,000ದವರೆಗೆ ಹತ್ತು ಸಾವಿರ ಗ್ರಾಹಕರು. ಕಂಡಿಷನ್ ಕೋಡ್ 0000 ಬಂತು, ಅಂದರೆ ಎಲ್ಲ ಸುಸೂತ್ರ; ನಮ್ಮಲ್ಲಿ ಸೊನ್ನೆ ತೆಗೆದುಕೊಂಡವನೇ ಪಾಸು. ಸುಮ್ಮನೆ ಮಲಗಬಹುದಿತ್ತು. ಕೆಳಗೆ ಐಸಿಇ054 ಸಂದೇಶ (ಅದಕ್ಕೂ ಎಡಗಡೆ ಸೊನ್ನೆ!) ಕಣ್ಣಿಗೆ ಬಿತ್ತು: ಒಳಗೆ 10,000, ಹೊರಗೆ 7,380.

2,620 ಜನ ಎಲ್ಲಿ ಹೋದರು?

15 ಎಂಬ ನಂಬರಿನವನನ್ನು ಹುಡುಕಿದೆ. ಇದ್ದ, ಕ್ಷೇಮವಾಗಿದ್ದ. 105 ಇಲ್ಲ. 150 ಇಲ್ಲ. 1005, 1050, 1500 ಮೂವರೂ ನಾಪತ್ತೆ. ಸೊನ್ನೆ ಹಿಂಡಿಸಿಕೊಂಡ ಆರೂ ಜನ 15 ಆಗಿ ಒಂದೇ ಸೀಟಿಗೆ ಬಂದಿದ್ದರು. ಒಂದೇ ನಂಬರಿನವರು ಹಲವರಿದ್ದರೆ ಒಬ್ಬರನ್ನುಳಿಸಿ ಮಿಕ್ಕವರನ್ನು ಇಳಿಸು ಎಂದು 'ಸಮ್ ಫೀಲ್ಡ್ಸ್ ನನ್' ಹಾಕಿದ್ದವನೂ ನಾನೇ. ಹಿಂಡಿದ್ದು ವಿಂಗಡಣೆಗೆ ಮೊದಲೇ, ಇನ್‌ರೆಕ್ ಎಂಬ ಹಂತದಲ್ಲಿ. ಹಾಗಾಗಿ ಕಂಡಕ್ಟರು ಐವರನ್ನು ಮಾತಿಲ್ಲದೆ ಇಳಿಸಿದ್ದ. ಸಾಲಿನ ಕೊನೆಯಲ್ಲಿ ಗತ್ತಿನಿಂದ ನಿಂತಿದ್ದ 10,000, ಮೊದಲನೆಯ 1ರ ತೊಡೆಯ ಮೇಲೆ! ಕಾಗದ ತೆಗೆದು ಗುಣಿಸಿದೆ. ಸೊನ್ನೆಯಿಲ್ಲದ ಒಂದಂಕಿಯವು 9, ಎರಡಂಕಿಯವು 81, ಮೂರಂಕಿಯವು 729, ನಾಲ್ಕಂಕಿಯವು 6,561. ಕೂಡಿದರೆ 7,380. ಒಂದೂ ಆಚೀಚೆ ಇಲ್ಲ. ನಾಚಿಕೆಯಾಗಬೇಕಿತ್ತು; ನಿಜ ಹೇಳಬೇಕೆಂದರೆ, ಎರಡು ಗಂಟೆ ರಾತ್ರಿಯಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದೆ.

ಆಮೇಲೆ ಕೈ ತಣ್ಣಗಾಯಿತು. ಅದು ನಿಜವಾದ ಫೈಲಾಗಿದ್ದು, 1050 ನಂಬರಿನ ಪಾಲಿಸಿಯವನ ಹೆಂಡತಿ ಗಂಡ ಹೋದ ಮೇಲೆ ಫೋನ್ ಮಾಡಿದ್ದರೆ, ಅಂಥ ಗ್ರಾಹಕರೇ ನಮ್ಮಲ್ಲಿಲ್ಲಮ್ಮ ಎನ್ನುತ್ತಿದ್ದರು.

ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಎಡಿಟ್ ಎಂದು ಬರೆದು ಒಂಬತ್ತು ಐ, ಕೊನೆಗೊಂದು ಟಿ. ಐ ಇರುವಲ್ಲಿ ಎಡಗಡೆ ಸಾಲಿನ ಸೊನ್ನೆ ಮಾತ್ರ ಅಳಿಯುತ್ತದೆ, ಟಿ ಇರುವಲ್ಲಿ ಅಂಕಿ ಏನಿದ್ದರೂ ಉಳಿಯುತ್ತದೆ. ಆಮೇಲೆ ಎಡಕ್ಕೆ ಸರಿಸಿದರಾಯಿತು. ಒಳಗೆ 10,000, ಹೊರಗೆ 10,000.

ಮುಂದಿನ ವಾರ ಹೊಸ ಟಿಕೆಟ್ ಬಂತು. ಬಾಸ್ಟನ್ನಿನ ಅಂಚೆ ಕೋಡು 02108, ಯಾರದೋ ಸ್ಪ್ರೆಡ್‌ಶೀಟ್ ಹೊಕ್ಕು 2108 ಆಗಿ ಹೊರಬಂದಿದೆ, ಎಡಗಡೆ ಸೊನ್ನೆ ವಾಪಸ್ ಹಾಕಿಕೊಡಿ ಎಂದು. ಮ್ಯಾನೇಜರು ಅದಕ್ಕೂ ಅರ್ಧ ಗಂಟೆ ಬರೆದಿದ್ದಾರೆ.