ಮೂಷಿಕ ಮೀಮಾಂಸೆ

‘ಬೆಟ್ಟ ಅಗೆದು ಇಲಿ ಹಿಡಿದರು’ ಎಂಬ ಗಾದೆಯನ್ನು ಕನ್ನಡಿಗರು ಇದುವರೆಗೆ ಬರಿಯ ಹಂಗಣೆಯೆಂದೇ ತಿಳಿದಿದ್ದಾರೆ. ಅದು ಸಂಖ್ಯಾಶಾಸ್ತ್ರದ ಒಂದು ಪ್ರಮೇಯ ಎಂದು ಸ್ಥಾಪಿಸುವುದೇ ಈ ಪ್ರಬಂಧದ ಉದ್ದೇಶ. ಬೆಟ್ಟವೆಂದರೆ ಮಾದರಿ, ಅಂದರೆ ಪರೀಕ್ಷೆಗೆ ಸಿಕ್ಕಿಬಿದ್ದ ಜನ. ಅಗೆಯುವವನು ಸಂಶೋಧಕ. ಗುದ್ದಲಿ ಅನುದಾನದ್ದು. ಇಲಿಯೇ ಪರಿಣಾಮ.

ಪೂರ್ವಪಕ್ಷ: ಇಲಿ ಸಿಕ್ಕಿತಲ್ಲ, ಇನ್ನೇನು ಬೇಕು? ಹೀಗೆನ್ನುವವರು ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಎಳೆದ 0.05ರ ಗೆರೆಯನ್ನು ಲಕ್ಷ್ಮಣರೇಖೆ ಮಾಡಿಕೊಂಡವರು. ಪಿ ಬೆಲೆ ಅದಕ್ಕಿಂತ ಕೆಳಗಿಳಿದರೆ ಸಾಕು, ‘ಗಮನಾರ್ಹ’ ಎಂದು ಶಂಖ ಊದುತ್ತಾರೆ. ಪಾಪ, ಪಿ ಹೇಳುವುದು ಇಷ್ಟೇ: ಇಲಿಯೇ ಇಲ್ಲದಿದ್ದರೆ ಇಷ್ಟೊಂದು ಸದ್ದಾಗುವುದು ಅಪರೂಪ.

ಈ ಪಕ್ಷದ ಖಂಡನೆ ನಮ್ಮ ಮನೆಯಲ್ಲೇ ನಡೆಯಿತು. ರಾತ್ರಿ ಹನ್ನೊಂದಕ್ಕೆ ಅಟ್ಟದ ಮೇಲೆ ಪರಪರ ಸದ್ದು.

“ಏನೋ ಇದೆ ಕಣೇ,” ಎಂದೆ, ಗಮನಾರ್ಹವಾಗಿ.

“ಏನೋ ಇದೆ ಅನ್ನೋದು ನನಗೂ ಕೇಳಿಸ್ತಿದೆ. ಸುಂಡಿಲಿಯೋ ಹೆಗ್ಗಣವೋ, ಹತ್ತಿ ನೋಡ್ರಿ.”

ಇದೇ ಪ್ರಶ್ನೆಯನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1969ರಲ್ಲಿ ಒಂದು ದಪ್ಪ ಪುಸ್ತಕದಷ್ಟು ಉದ್ದಕ್ಕೆ ಕೇಳಿದರು. ಎರಡು ಗುಂಪುಗಳ ಸರಾಸರಿಯ ಅಂತರವನ್ನು ಮಾನಕ ವಿಚಲನೆಯಿಂದ ಭಾಗಿಸಿ, ಬಂದದ್ದು ‘ಡಿ’. 0.2 ಸಣ್ಣದು, 0.5 ನಡುತರದ್ದು, 0.8 ದೊಡ್ಡದು. ಇವನ್ನು ನಾನು ಸುಂಡಿಲಿ, ಇಲಿ, ಹೆಗ್ಗಣ ಎಂದು ಕನ್ನಡಿಸಿದ್ದೇನೆ. ಹದಿನೈದರ ಹುಡುಗಿಯರಿಗೂ ಹದಿನಾರರವರಿಗೂ ಎತ್ತರದಲ್ಲಿರುವ ಅರ್ಧ ಇಂಚಿನ ಅಂತರ ಅವರು ಕೊಟ್ಟ ಸುಂಡಿಲಿ. ಹದಿಮೂರಕ್ಕೂ ಹದಿನೆಂಟಕ್ಕೂ ನಡುವಿನದು ಹೆಗ್ಗಣ. ಬೇರೆ ಗತಿಯಿಲ್ಲದಾಗ ಮಾತ್ರ ಈ ಪಟ್ಟಿ ಬಳಸಿ ಎಂದೂ ಎಚ್ಚರಿಸಿದ್ದರು. ಆ ವಾಕ್ಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಲೋಕ ಬಾಯಿಪಾಠ ಮಾಡಿತು.

ಇನ್ನು ಪ್ರಮೇಯ. ಗುಂಪಿಗೆ 20 ಜನರಂತೆ ಗುಡ್ಡ ಅಗೆದು 0.5ರ ಇಲಿ ಕಂಡರೂ ಪಿ 0.12ರ ಆಸುಪಾಸು, ಇಲಿ ಕಣ್ಣೆದುರೇ ಪರಾರಿ. ಗುಂಪಿಗೆ 20,000 ಜನರಂತೆ ಬೆಟ್ಟವನ್ನೇ ಅಗೆದರೆ 0.02ರದ್ದೂ ಬಲೆಗೆ ಬೀಳುತ್ತದೆ. ಅದನ್ನು ಇಲಿ ಎನ್ನುವುದಕ್ಕಿಂತ ಇಲಿಯ ಮೀಸೆಯ ಒಂದು ಕೂದಲು ಎನ್ನುವುದು ಲೇಸು. ಬೆಟ್ಟ ದೊಡ್ಡದಾದಷ್ಟೂ ಹಿಡಿಯಬಹುದಾದ ಇಲಿ ಸಣ್ಣದಾಗುತ್ತದೆ. ಗಾದೆ ಕಟ್ಟಿದವರಿಗೆ ಮಾನಕ ವಿಚಲನೆ ಗೊತ್ತಿರಲಿಲ್ಲ, ಅಗೆತ ಗೊತ್ತಿತ್ತು.

ಸಣ್ಣದೆಲ್ಲ ಕಸವೇ ಎಂಬ ಉತ್ಸಾಹದಲ್ಲಿ ಈ ಪ್ರಬಂಧವನ್ನು ಇಲ್ಲಿಗೇ ಮುಗಿಸಲಿದ್ದೆ. ಅಡ್ಡ ಬಂದದ್ದು ಆಸ್ಪಿರಿನ್. ಅಮೆರಿಕದ 22,071 ವೈದ್ಯರ ಮೇಲೆ ನಡೆದ ಪರೀಕ್ಷೆಯ 1988ರ ವರದಿಯಲ್ಲಿ, ಮಾತ್ರೆ ನುಂಗಿದ ಅರ್ಧದಷ್ಟು ಮಂದಿಯಲ್ಲಿ ಹೃದಯಾಘಾತವಾದದ್ದು 104 ಜನರಿಗೆ, ಸುಳ್ಳು ಮಾತ್ರೆ ನುಂಗಿದವರಲ್ಲಿ 189 ಜನರಿಗೆ. ಸಹಸಂಬಂಧದ ಲೆಕ್ಕದಲ್ಲಿ ಈ ಪರಿಣಾಮ ಬರೀ 0.034. ಸುಂಡಿಲಿಯ ಮರಿ! ಆ 85 ಮಂದಿಯ ಮನೆಯವರಿಗೆ ಈ ಅಂಕಿಯನ್ನು ವಿವರಿಸುವ ಧೈರ್ಯ ನನಗಿಲ್ಲ.

ಬೆಳಿಗ್ಗೆ ಬೋನಿನಲ್ಲಿ ಕೊಬ್ಬರಿ ಚೂರಿನ ಪಕ್ಕ ಕುಳಿತಿದ್ದದ್ದು ಸುಂಡಿಲಿಯೇ.

“ನೋಡು, ಡಿ 0.2, ಬಲು ಸಣ್ಣದು,” ಎಂದೆ.

ಆಕೆ ಮಾತಾಡದೆ ಅಟ್ಟದ ಟ್ರಂಕಿನಿಂದ ತನ್ನ ಧಾರೆ ಸೀರೆ ತೆಗೆದು ಸೆರಗು ಬಿಡಿಸಿ ಹಿಡಿದಳು. ತೂತಿನ ಆಚೆಯಿಂದ ಅವಳ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು.