ಕಂಪ್ಯೂಟರ್ ಪಾಠದ ಕೋಣೆಗೇ ಬರಲಿ, ಗೌಡ್ರೇ

ನಿನ್ನೆ ಸಂಜೆ ಬೇಲಿ ಆಚೆ ನಿಂತು ನೀವು ಕೇಳಿದ್ರಲ್ಲ ಗೌಡ್ರೇ, "ಸಾಲಿಗೆ ಕಂಪ್ಯೂಟರ್ ಬಂದು ಇಷ್ಟು ವರ್ಷ ಆತು, ನಮ್ಮ ಹುಡುಗ್ರಿಗೆ ಅದರಿಂದ ಏನ್ ಬಂತು?" ಅಂತ. ಎಮ್ಮೆ ಹಿಂಡೋ ಹೊತ್ತಾಗಿತ್ತು, ನೀವು ಹೊರಟ್ರಿ. ಈಗ ಪುರುಸೊತ್ತಾಗಿ ಹೇಳ್ತೀನಿ ಕೇಳ್ರಿ. ಇಷ್ಟು ವರ್ಷ ಗಣಿತ ಹೇಳಿದವನು ನಾನು, ಈ ವಿಷಯ ಬಂದರೆ ಸುಮ್ಮನಿರೋಕೆ ಆಗೋದಿಲ್ಲ.

2001ರಲ್ಲಿ ನಮ್ಮ ರಾಜ್ಯ ಸರ್ಕಾರ 'ಮಾಹಿತಿ ಸಿಂಧು' ಅಂತ ಸಾಲಿಗೆ ಕಂಪ್ಯೂಟರ್ ಕೊಡೋ ಯೋಜನೆ ಶುರು ಮಾಡಿತು. ಆಮೇಲೆ 2004ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂತು. ಪೆಟ್ಟಿಗೆ ಪೆಟ್ಟಿಗೆ ಕಂಪ್ಯೂಟರ್ ಇಳಿದವು. ಅವಕ್ಕೆ ಬೇರೆ ಕೋಣೆ, ಬೇರೆ ಬೀಗ, ಗುತ್ತಿಗೆ ಕಂಪನಿ ಕಳಿಸಿದ ಬೇರೆ ಮೇಷ್ಟ್ರು. ಹುಡುಗರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಮೌಸ್ ಹಿಡಿಯೋದು, ಚಿತ್ರಕ್ಕೆ ಬಣ್ಣ ತುಂಬೋದು ಕಲಿತು ಹೊರಗೆ ಬರೋರು. ಪಕ್ಕದ ಕೋಣೆಯಲ್ಲಿ ಗಣಿತ, ವಿಜ್ಞಾನ, ಸಮಾಜ ಎಲ್ಲಾ ಹಳೇ ಹಾಗೇ ನಡೀತಿತ್ತು. ಗುತ್ತಿಗೆ ಮುಗಿಯಿತು, ಆ ಮೇಷ್ಟ್ರು ಹೋದರು, ಯುಪಿಎಸ್ ಬ್ಯಾಟರಿ ಸತ್ತಿತು. ಕಂಪ್ಯೂಟರನ್ನು ಒಂದು ಪ್ರತ್ಯೇಕ ವಿಷಯ ಅಂತ ಇಟ್ಟಿದ್ದೇ ತಪ್ಪಾಯಿತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದು ಪಾಠ ನಡೆಯೋ ಜಾಗಕ್ಕೇ ಬರಬೇಕು, ಪಾಠ ಮಾಡೋರ ಕೈಗೇ ಸಿಗಬೇಕು.

ಹಾಗೆ ಸಿಕ್ಕಾಗ ಏನಾಗುತ್ತೆ ಅನ್ನೋದನ್ನ ಕಣ್ಣಾರೆ ಕಂಡಿದೀನಿ. ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಈಗ ಇಲ್ಲೇ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಹೇಳ್ತಾಳೆ. ಅವಳ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೂತಿದ್ದೆ. ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು, ಸುಣ್ಣ ಬಳಿದ ಗೋಡೆ, ಅಷ್ಟೇ ಸರಂಜಾಮು. ಜಿಯೋಜೀಬ್ರಾ ಅಂತ ಒಂದು ತಂತ್ರಾಂಶ ಐತೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಅನ್ನೋರು 2001ರಲ್ಲಿ ಶುರು ಮಾಡಿದ್ದು, ಸಾಲಿಗೆ ಪುಕ್ಕಟೆ. ಅದರಲ್ಲಿ ಒಂದು ತ್ರಿಭುಜ ಬಿಡಿಸಿದಳು. ಮೂರು ಕೋನ 62, 71, 47. ಕೂಡಿದರೆ 180. ಒಂದು ಮೂಲೆ ಹಿಡಿದು ಎಳೆದಳು, 20, 25, 135 ಆಯಿತು. ಮತ್ತೆ 180. ನಾನು ಬೋರ್ಡಿನ ಮೇಲೆ ಒಂದು ಪಿರಿಯಡ್ಡಿನಲ್ಲಿ ನಾಲ್ಕು ತ್ರಿಭುಜ ಬರೆದರೆ ಹೆಚ್ಚು. ಕೂಡಿದರೆ 180 ಅನ್ನೋದು ಆ ನಾಲ್ಕಕ್ಕೆ ಮಾತ್ರ ನಿಜ ಅಂತ ಎಷ್ಟೋ ಮಕ್ಕಳ ಮನಸ್ಸಿನಲ್ಲಿ ಉಳಿಯೋದು. ಇಲ್ಲಿ ಹುಡುಗರು "ಇನ್ನೂ ಎಳೀರಿ ಮಿಸ್, ಚಪ್ಪಟೆ ಆಗೋವರೆಗೂ ಎಳೀರಿ" ಅಂತ ಎದ್ದು ನಿಂತಿದ್ದರು.

ಅಷ್ಟರಲ್ಲಿ ಒಬ್ಬಳು ಪುಟ್ಟಿ, "ಮಿಸ್, ಈಗ 61, 60, 60 ಐತ್ರಿ, ಕೂಡಿದ್ರೆ 181 ಆಕ್ಕೈತಿ" ಅಂದಳು. ಇಡೀ ಕ್ಲಾಸು ಗಪ್‌ಚಿಪ್. ಮಿಸ್ ಸಿಟ್ಟಾಗಲಿಲ್ಲ. ದಶಾಂಶ ಕಾಣೋ ಹಾಗೆ ಮಾಡಿದಳು. 60.5, 59.7, 59.8. ಅಂಕಿ ಪೂರ್ಣ ಮಾಡಿ ತೋರಿಸಿದ್ದರಿಂದ ಒಂದು ಡಿಗ್ರಿ ಹೆಚ್ಚಾಗಿತ್ತು. ಆಮೇಲೆ ಪ್ರೊಜೆಕ್ಟರ್ ಆರಿಸಿ, ಚಾಕ್‌ಪೀಸ್ ಹಿಡಿದು, ಮೇಲಿನ ಮೂಲೆಯಿಂದ ತಳಕ್ಕೆ ಸಮಾಂತರ ಗೆರೆ ಎಳೆದು ಪ್ರಮೇಯ ಸಾಧಿಸಿದಳು. ನನಗೆ ಅವತ್ತು ತುಂಬಾ ಸಂತೋಷ ಆಯಿತು ಗೌಡ್ರೇ. ಯಾವಾಗ ಯಂತ್ರ ಹಚ್ಚಬೇಕು, ಯಾವಾಗ ಆರಿಸಬೇಕು ಅಂತ ಗೊತ್ತಿರೋದು ಪಾಠ ಬಲ್ಲವರಿಗೇ. ಹೊರಗಿನಿಂದ ಬಂದ ಕಂಪ್ಯೂಟರ್ ಮೇಷ್ಟ್ರಿಗೆ ಆ 181ರ ಪ್ರಶ್ನೆ ಕೇಳಿದ್ದರೆ ಪಾಪ ಅವರಾದರೂ ಏನು ಮಾಡಬೇಕಿತ್ತು?

ಸಮಾಜ ವಿಜ್ಞಾನಕ್ಕಂತೂ ನಮ್ಮ ಸೀಮೆಯಲ್ಲೇ ಸರಕು ತುಂಬೈತೆ. ಗೂಗಲ್ ಅರ್ಥ್‌ನಲ್ಲಿ 1984ರಿಂದ ಈಚಿನ ಉಪಗ್ರಹ ಚಿತ್ರಗಳನ್ನ ವರ್ಷ ವರ್ಷವೂ ಓಡಿಸಿ ನೋಡಬಹುದು. ಹಗರಿಬೊಮ್ಮನಹಳ್ಳಿ ಕಡೆಯ ಮಕ್ಕಳಿಗೆ ತುಂಗಭದ್ರಾ ಹಿನ್ನೀರು ತೋರಿಸ್ರಿ. 1953ರಲ್ಲಿ ಕಟ್ಟಿದ ಅಣೆಕಟ್ಟೆಯಲ್ಲಿ ಮೊದಲು ಸುಮಾರು 133 ಟಿಎಂಸಿ ನೀರು ಹಿಡೀತಿತ್ತು, ಈಗ 105ರ ಆಸುಪಾಸು, ಉಳಿದ ಜಾಗಕ್ಕೆ ಹೂಳು ಕೂತೈತೆ. ಪುಸ್ತಕದಲ್ಲಿ 'ಹೂಳು' ಅಂತ ಒಂದು ಸಾಲು ಓದೋದಕ್ಕೂ, ತಮ್ಮೂರ ದಂಡೆಯನ್ನೇ ಮೇಲಿನಿಂದ ನೋಡ್ತಾ ಈ ಲೆಕ್ಕ ಕೇಳೋದಕ್ಕೂ ಬಹಳ ಅಂತರ. ಅಂಕಸಮುದ್ರದ ಕೆರೆ 2024ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತಲ್ಲ, ಅಲ್ಲಿನ ಹಕ್ಕಿಗಳ ಫೋಟೊ ಮಕ್ಕಳೇ ತೆಗೆದು ತರಲಿ. ಹರಪನಹಳ್ಳಿಯ ಮಕ್ಕಳಿಗೆ ಜಿಲ್ಲೆಯ ನಕ್ಷೆ ಕಲಿಸೋದೇ ಒಂದು ಚರಿತ್ರೆ ಪಾಠ: ಬಳ್ಳಾರಿ, 1997ರಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಅಚ್ಚಾದ ನಕ್ಷೆ ಇಷ್ಟು ಬೇಗ ಬದಲಾಗೋದಿಲ್ಲ.

ಇದೆಲ್ಲಾ ಕನ್ನಡದಲ್ಲಿ ಸಿಗುತ್ತಾ ಅಂತೀರಿ. ನಮ್ಮ ಮೇಷ್ಟ್ರುಗಳೇ ಮಾಡಿಕೊಂಡಿದಾರೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ 'ವಿಷಯ ಶಿಕ್ಷಕರ ವೇದಿಕೆ' ನಡೆಸಿದಾಗ, ಸರ್ಕಾರಿ ಹೈಸ್ಕೂಲು ಮೇಷ್ಟ್ರುಗಳು ಉಬುಂಟು, ಜಿಯೋಜೀಬ್ರಾ ಕಲಿತು, ತಾವು ಮಾಡಿದ ಪಾಠಗಳನ್ನ ಒಬ್ಬರಿಗೊಬ್ಬರು ಹಂಚಿಕೊಂಡರು. 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಅಂತ ಅದರದೊಂದು ಭಂಡಾರವೇ ಆಯಿತು. 2016-17ರಲ್ಲಿ ಬಂದ ಟಾಲ್ಪ್, ಅಂದರೆ ತಂತ್ರಜ್ಞಾನದ ನೆರವಿನ ಕಲಿಕೆ ಕಾರ್ಯಕ್ರಮ, ಮೇಷ್ಟ್ರುಗಳಿಗೇ ತರಬೇತಿ ಕೊಡೋ ದಾರಿ ಹಿಡಿಯಿತು. ಕೇರಳದವರು 2001ರಲ್ಲೇ ಐಟಿ ಅಟ್ ಸ್ಕೂಲ್ ಶುರು ಮಾಡಿ, ಶಿಕ್ಷಕರನ್ನೇ ನಂಬಿ ಮುಂದೆ ಹೋದರು. ನಮ್ಮವರೇನು ಅವರಿಗಿಂತ ಕಡಿಮೆಯಲ್ಲ. ತರಬೇತಿ ಮುಗಿಸಿ ಬಂದವರಿಗೆ ಸಾಲೆಯಲ್ಲಿ ನಡೆಯೋ ಒಂದು ಯಂತ್ರ ಬೇಕು, ಕರೆಂಟ್ ಹೋದಾಗ ಅರ್ಧ ತಾಸು ತಡೆಯೋ ಬ್ಯಾಟರಿ ಬೇಕು, ಕೆಟ್ಟರೆ ವಾರದೊಳಗೆ ಬಂದು ನೋಡೋರು ಬೇಕು.

ನೀವು ಎಸ್‌ಡಿಎಂಸಿಯಲ್ಲಿ ಇದೀರಿ. ಬರೋ ಸಭೆಯಲ್ಲಿ ಎಷ್ಟು ಕಂಪ್ಯೂಟರ್ ಅದಾವೆ ಅಂತ ಕೇಳಬ್ಯಾಡ್ರಿ. ಹೋದ ತಿಂಗಳು ಗಣಿತ, ವಿಜ್ಞಾನ, ಸಮಾಜದ ಎಷ್ಟು ಪಿರಿಯಡ್ಡಿಗೆ ಪ್ರೊಜೆಕ್ಟರ್ ಹಚ್ಚಿದ್ರಿ, ಹಚ್ಚದೇ ಇದ್ದರೆ ಏನು ಅಡ್ಡಿ ಬಂತು ಅಂತ ಕೇಳ್ರಿ. ಬ್ಯಾಟರಿ ಅಂದರೆ ಪಂಚಾಯ್ತಿಯವರ ಹತ್ತಿರ ನಾನೂ ನಿಮ್ಮ ಜೊತೆ ಬರ್ತೀನಿ. ಬೀಗದ ಕೈ ಅಂದರೆ, ಅದನ್ನ ಹೆಡ್‌ಮಾಸ್ತರ ಮೇಜಿನಿಂದ ಗಣಿತದ ಮಿಸ್ ಕೈಗೆ ಅವತ್ತೇ ಕೊಡಿಸಿಬಿಡ್ರಿ.