ಎರಡನೇ ಹತ್ತು ಸಾವಿರ ಯಾವಾಗ ಕೊಡ್ತೀರಿ?

ನಮ್ಮೆಲ್ಲರ ಸಾಲದ ಜಾತಕ ಬರೆಯುವ ಮಾನ್ಯ ಕ್ರೆಡಿಟ್ ಮಾಹಿತಿ ಕಂಪನಿಯವರಿಗೆ, ಹುಬ್ಬಳ್ಳಿ ದುರ್ಗದಬೈಲಿನ ಗಿರ್ಮಿಟ್ ಗಾಡಿಯವನ ಶರಣು.

ಹೆಸರು ಹಿಡಿದು ಬರೆಯುವುದಿಲ್ಲ. ರಿಸರ್ವ್ ಬ್ಯಾಂಕಿನ ಅಪ್ಪಣೆ ಪಡೆದು ಈ ದಂಧೆ ಮಾಡುವವರು ದೇಶದಲ್ಲಿ ನಾಲ್ವರು. ನಾಲ್ವರನ್ನೂ ಸೇರಿಸಿ ನಮ್ಮ ಬಜಾರಿನಲ್ಲಿ ‘ಸಿಬಿಲ್’ ಅಂತಲೇ ಅನ್ನುತ್ತಾರೆ. ನಾಲ್ವರಲ್ಲಿ ಯಾರಿಗೆ ಬರೆದದ್ದು ಎಂಬುದು ಅವರಿಗೆ ತಿಳಿಯುತ್ತದೆ. ಅಕ್ಷರ ಮಗಳದು, ಸಿಟ್ಟು ನನ್ನದು.

ಮೊದಲು ಉಪಕಾರ ನೆನೆಯಬೇಕು. ಕೊರೋನಾ ಬಂದ 2020ರಲ್ಲಿ ಬೀದಿ ವ್ಯಾಪಾರಿಗಳಿಗೆಂದು ಪಿಎಂ ಸ್ವನಿಧಿ ಬಂತಲ್ಲ, ಪಾಲಿಕೆಯ ಚೀಟಿ ತೋರಿಸಿ ನಾನೂ 10,000 ರೂಪಾಯಿ ಎತ್ತಿದೆ. ಅದನ್ನು ತೀರಿಸಿದವನಿಗೆ 20,000, ಅದನ್ನೂ ತೀರಿಸಿದವನಿಗೆ 50,000 ಎಂಬುದು ಆಗಿನ ಕರಾರು. ಕಂತು ತಪ್ಪಿಸದೆ ಕಟ್ಟಿ ಮುಗಿಸಿ, ಇಪ್ಪತ್ತು ಕೇಳಲು ಹೋದಾಗ ತಿಳಿಯಿತು: ನಿಮ್ಮ ಕೃಪೆಯಿಂದ ನಾನು ಎರಡು ಸಾಲದ ಒಡೆಯ!

ವರದಿ ತೆಗೆಸಿ ನೋಡಿದೆ. ವರ್ಷಕ್ಕೊಂದು ಪುಕ್ಕಟೆ ಕೊಡುತ್ತೀರಿ, ಅದಕ್ಕೆ ಹೆಸರಿಡುವುದಿಲ್ಲ. ಅದೇ ಬ್ಯಾಂಕು, ಅದೇ ತಾರೀಖು, ಅದೇ ಹತ್ತು ಸಾವಿರ, ಎರಡು ಸಲ. ಒಂದರ ಮುಂದೆ ‘ಕ್ಲೋಸ್ಡ್’. ಇನ್ನೊಂದರ ಖಾತೆ ನಂಬರಿನಲ್ಲಿ ಮೂರು ಅಂಕಿ ಕಡಿಮೆ. ಕೆಳಗೆ ತಿಂಗಳಿಗೊಂದು ಚೌಕ, ಚೌಕಗಳಲ್ಲಿ 030, 060, 090. ಕಂತು ಎಷ್ಟು ದಿನ ತಡವಾಗಿದೆ ಎಂಬ ಲೆಕ್ಕವಂತೆ. ಬ್ಯಾಂಕಿನವರು ಸಾಫ್ಟ್‌ವೇರ್ ಬದಲಿಸಿದಾಗ ನನ್ನ ಸಾಲಕ್ಕೆ ಹೊಸ ನಂಬರ್ ಬಂತು, ಹಳೇ ನಂಬರಿಗೆ ಯಾರೂ ಚುಕ್ತಾ ಹಾಕಲಿಲ್ಲ. ನಾನು ಕಟ್ಟಿದ್ದೆಲ್ಲ ಹೊಸದಕ್ಕೆ ಜಮೆ. ಹಳೆಯದು ಉಪವಾಸ ಕೂತು ದಿನ ಎಣಿಸುತ್ತಿದೆ.

ಇರಲಿ. ಸಾಲ ಇದೆ ಎಂದಮೇಲೆ ಸಾಲದ ದುಡ್ಡೂ ಇರಬೇಕಲ್ಲವೆ? ಮೊದಲನೇ ಹತ್ತು ಸಾವಿರದಲ್ಲಿ ಸ್ಟೋವು ಬಂತು, ಗಾಡಿಗೆ ಹೊಸ ಗಾಲಿ ಬಂತು, ಚುರುಮುರಿ ಚೀಲ ಬಂದವು. ಎರಡನೆಯದರಲ್ಲಿ ಇನ್ನೊಂದು ಗಾಡಿಯೇ ಬಂದಿರಬೇಕು. ಸಂಜೆ ಬೈಲಿನ ತುಂಬ ಹುಡುಕಿದೆ, ಬ್ರಾಡ್‌ವೇ ತನಕ ಹೋಗಿ ಬಂದೆ, ಸಿಗಲಿಲ್ಲ. ನಿಮ್ಮ ಆಫೀಸಿನ ಕೆಳಗೆ ನಿಂತಿದ್ದರೆ ದಯವಿಟ್ಟು ಕಳಿಸಿಕೊಡಿ. ಕಂತು ತಪ್ಪಿಸುವುದಿಲ್ಲ, ಮೊದಲನೇ ಪುಟ ನೋಡಿ ಬೇಕಾದರೆ.

ನಾನು ಪುಠಾಣಿ, ಎಣ್ಣೆ ಉದ್ರಿ ತರುವ ಅಂಗಡಿಯಲ್ಲಿ ಇಂಥದ್ದೇ ಆಗಿತ್ತು. ಒಂದೇ ಡಬ್ಬಿ ಎಣ್ಣೆ, ಎರಡು ಸಲ ಬರೆದಿದ್ದರು. ಹೇಳಿದೆ. ಸಾವ್ಕಾರರು ಹೆಬ್ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ, ಕೆಂಪು ಪೆನ್ನಿನಿಂದ ಗೀಟು ಎಳೆದು, “ಹಾಂ, ನಮ್ಮದ ತಪ್ಪೈತಿ” ಅಂದರು. ಮುಗಿಯಿತು.

ನಿಮ್ಮಲ್ಲಿ ಹಾಗಲ್ಲ. ಬ್ಯಾಂಕು ಒಪ್ಪದೆ ಒಂದಕ್ಷರ ತಿದ್ದಲಾರೆವು ಎಂದಿರಿ. ಬ್ಯಾಂಕಿಗೆ ಹೋದರೆ, “ನಮ್ಮ ಸಿಸ್ಟಮ್‌ನ್ಯಾಗ ಕ್ಲೋಸ್ ಆಗೇತ್ರಿ, ಅವರನ್ನ ಕೇಳ್ರಿ.” ಬರೆದವರು ಯಾರೂ ಅಲ್ಲ, ಓದುವವರು ಮಾತ್ರ ಎಲ್ಲರೂ! ತೆಗೆದುಕೊಳ್ಳದ ಸಾಲವನ್ನು ತೆಗೆದುಕೊಂಡಿಲ್ಲ ಎಂದು ರುಜುವಾತು ಮಾಡುವ ಕೆಲಸ ನನ್ನ ತಲೆಗೆ ಬಂತು. ಇಲ್ಲದ ಸಾಲಕ್ಕೆ ನೋ ಡ್ಯೂ ಸರ್ಟಿಫಿಕೇಟು ತನ್ನಿ ಎಂದರು. ಇಲ್ಲದ ಸಾಲವನ್ನು ತೀರಿಸದೆ ಅದನ್ನು ಹೇಗೆ ಕೊಡುವುದೆಂದು ಅವರೇ ತಲೆ ಕೆರೆದುಕೊಂಡರು.

ಮಗಳು ಮೊಬೈಲಿನಲ್ಲಿ ಕಾನೂನು ಹುಡುಕಿದಳು. ತಕರಾರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿನ ಪಾಲು 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ತಡ ಮಾಡಿದವರ ಕಿಸೆಯಿಂದ. ರಿಸರ್ವ್ ಬ್ಯಾಂಕಿನ ಈ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. 2022ರ ಸೆಪ್ಟೆಂಬರಿನಿಂದ ನಿಮ್ಮ ಮೇಲಿನ ದೂರನ್ನೂ ಅದರ ಓಂಬುಡ್ಸ್‌ಮನ್ ಕೇಳುತ್ತಾರಂತೆ, ಪುಕ್ಕಟೆ. ಆ ಅರ್ಜಿಯೂ ತಯಾರಿದೆ.

ನಿಮ್ಮ 30 ದಿನ ಮುಗಿದಿದೆ. ನಮ್ಮ ಮನೆಯಲ್ಲೂ ಒಂದು ವಹಿ ತೆರೆದಿದ್ದೇವೆ. ಮಗಳು ತನ್ನ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಚೌಕ ಹಾಕಿ, ನಿಮ್ಮ ಸ್ಕೋರು 300ರಿಂದ ಶುರು ಮಾಡಿದ್ದಾಳೆ. 900ಕ್ಕೆ ಏರುವ ಲಕ್ಷಣ ಸದ್ಯಕ್ಕಿಲ್ಲ. ದಿನದ ನೂರು ನೀವು ಕೊಡಬೇಕೋ ಬ್ಯಾಂಕು ಕೊಡಬೇಕೋ ಇತ್ಯರ್ಥವಾಗುವ ತನಕ ನಿಮ್ಮ ಪುಟದಲ್ಲೂ ಬರೆದಿದ್ದೇವೆ, ಅವರ ಪುಟದಲ್ಲೂ ಬರೆದಿದ್ದೇವೆ. ಒಂದೇ ಬಾಕಿ ಎರಡು ಸಲ ಬಂದಿದೆ ಎನ್ನಿಸಿದರೆ ಸೂಕ್ತ ದಾಖಲೆಗಳೊಂದಿಗೆ ಲಿಖಿತ ತಕರಾರು ಸಲ್ಲಿಸಿ. ಪರಿಶೀಲಿಸಲು ನಮಗೂ 30 ದಿನ ಬೇಕು. ಸಂಜೆ ಐದರ ಮೇಲೆ ಬರಬೇಡಿ, ಗಿರಾಕಿ ಇರುತ್ತಾರೆ.